ಬಾನೆಟ್‌ಗೆ ಕಿಂಡಿ ಕೊರೆಯುವ ಮುನ್ನ

ಟ್ರ್ಯಾಕ್‌ನಲ್ಲಿ ಓಡಿಸುವ ಸ್ಪೋರ್ಟ್ಸ್ ಕಾರುಗಳ ಬಾನೆಟ್ ವೆಂಟ್ (ಎಂಜಿನ್ ಕೋಣೆಯ ಬಿಸಿಗಾಳಿ ಹೊರಬಿಡಲು ಬಾನೆಟ್‌ನಲ್ಲಿ ತೆಗೆಯುವ ಕಿಂಡಿ) ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಮುಂದೆ ಎಂಜಿನ್ ಇರುವ ಎರಡು ಸೀಟಿನ ಕಾರು. ನಾಲ್ಕನೇ ಲ್ಯಾಪ್ ಹೊತ್ತಿಗೆ ಕೂಲಂಟ್ (ಎಂಜಿನ್ ತಣಿಸುವ ದ್ರವ) 112 ಡಿಗ್ರಿ ಮುಟ್ಟುತ್ತದೆ. ದಪ್ಪ ಕೋರ್‌ನ ಅಲ್ಯೂಮಿನಿಯಂ ರೇಡಿಯೇಟರ್ ಹಾಕಿಸಿದೆ, ಎರಡು ಡಿಗ್ರಿಯೂ ಇಳಿಯಲಿಲ್ಲ. ಬಾನೆಟ್‌ಗೆ ವೆಂಟ್ ಹಾಕಿದರೆ ಸರಿಹೋಗುತ್ತದೆಯೇ?

ಸರಿಹೋಗಬಹುದು. ಆದರೆ ಬಾನೆಟ್ ಮುಟ್ಟುವುದು ಎರಡನೆಯ ಕೆಲಸ.

ರೇಡಿಯೇಟರ್‌ನ ಮುಂದೆ ಒತ್ತಡ ಹೆಚ್ಚಿದ್ದು ಹಿಂದೆ ಕಡಿಮೆ ಇದ್ದರಷ್ಟೇ ಅದರೊಳಗೆ ಗಾಳಿ ಹಾಯುತ್ತದೆ. ಮುಂದಿನ ಒತ್ತಡವನ್ನು ಕಾರಿನ ವೇಗವೇ ಕೊಡುತ್ತದೆ. ಹಿಂದಿನದು ಎಂಜಿನ್ ಕೋಣೆಯಿಂದ ಗಾಳಿ ಎಷ್ಟು ಸಲೀಸಾಗಿ ಹೊರಬೀಳುತ್ತದೆ ಎಂಬುದರ ಮೇಲೆ ನಿಂತಿದೆ. ಕೋಣೆ ತುಂಬಿಕೊಂಡಿದ್ದರೆ, ತುಂಬಿದ ಕೊಡಕ್ಕೆ ನೀರು ಸುರಿದಂತೆ, ಬಂಪರ್‌ಗೆ ಬಡಿದ ಗಾಳಿ ಪಕ್ಕಕ್ಕೆ ಚೆಲ್ಲಿಹೋಗುತ್ತದೆ. ದಪ್ಪ ಕೋರ್ (ರೇಡಿಯೇಟರ್‌ನ ಟ್ಯೂಬ್ ಮತ್ತು ಫಿನ್‌ಗಳ ಭಾಗ) ಹಾಕಿದಾಗ ಆಗುವುದೂ ಇದೇ: ಕೋರ್ ದಪ್ಪಗಾದಷ್ಟೂ ಗಾಳಿಯನ್ನು ಅದರೊಳಗೆ ನೂಕಲು ಹೆಚ್ಚು ಒತ್ತಡ ಬೇಕು. ಆ ಒತ್ತಡ ಇಲ್ಲದಿದ್ದರೆ ಹೊಸ ರೇಡಿಯೇಟರ್‌ನಲ್ಲಿ ಹಾಯುವ ಗಾಳಿ ಹಳೆಯದಕ್ಕಿಂತ ಕಡಿಮೆಯೇ ಆಗುತ್ತದೆ.

ಆದ್ದರಿಂದ ಮೊದಲು ರೇಡಿಯೇಟರ್‌ನ ಸುತ್ತ ನೋಡಿ. ಕತ್ತಲಲ್ಲಿ ಎಂಜಿನ್ ಕಡೆಯಿಂದ ಟಾರ್ಚ್ ಹಿಡಿದು, ಗ್ರಿಲ್ ಕಡೆಯಿಂದ ಇಣುಕಿ. ಕೋರ್‌ನ ಫಿನ್‌ಗಳನ್ನು ಬಿಟ್ಟು ಬೇರೆಲ್ಲಿ ಬೆಳಕು ಕಂಡರೂ ಅಲ್ಲಿ ಗಾಳಿ ತಪ್ಪಿಸಿಕೊಳ್ಳುತ್ತಿದೆ. ಸಾಮಾನ್ಯವಾಗಿ ಸೋರುವುದು ನಾಲ್ಕು ಕಡೆ: ರೇಡಿಯೇಟರ್‌ನ ಎರಡೂ ಪಕ್ಕ, ಬಾನೆಟ್ ಲಾಕ್ ಕೂರುವ ಅಡ್ಡಪಟ್ಟಿಯ ಕೆಳಗೆ, ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದು, ಹಾಗೂ ಕೆಳಗಡೆ ಅಂಡರ್‌ಟ್ರೇ (ಎಂಜಿನ್ ಕೋಣೆಯ ಅಡಿ ಮುಚ್ಚುವ ತಟ್ಟೆ) ಸೇರುವ ಜಾಗ. ದೊಡ್ಡ ಸಂದುಗಳಿಗೆ 1 ಮಿ.ಮೀ. ಅಲ್ಯೂಮಿನಿಯಂ ತಗಡು ಬಗ್ಗಿಸಿ ಗ್ರಿಲ್‌ನಿಂದ ಕೋರ್‌ವರೆಗೆ ಗೋಡೆ ಕಟ್ಟಿ. ತಗಡು ಮತ್ತು ಕೋರ್ ನಡುವೆ ನೀರು ಹೀರದ ರಬ್ಬರ್ ಫೋಮ್ ಪಟ್ಟಿ ಅಂಟಿಸಿ. ಫೋಮ್ ಒತ್ತಿ ಕೂರಬೇಕು, 20 ಮಿ.ಮೀ. ಸಂದಿಗೆ 25 ಮಿ.ಮೀ. ಪಟ್ಟಿ ತೆಗೆದುಕೊಳ್ಳಿ. ತಗಡಿನ ಅಂಚು ಕೋರ್‌ನ ಟ್ಯೂಬ್‌ಗಳನ್ನು ತಾಕದಿರಲಿ, ಅದುರಿ ಅದುರಿ ತೂತು ಮಾಡುತ್ತದೆ.

ಬಿಸಿ ಕೆಳಗಿನಿಂದ ಹೋಗಲಿ ಎಂದು ಅಂಡರ್‌ಟ್ರೇ ಬಿಚ್ಚಿ ಓಡಿಸುವವರು ಬಹಳ. ದಯವಿಟ್ಟು ಹಾಕಿಕೊಳ್ಳಿ. ಅದು ಇಲ್ಲದಿದ್ದರೆ ಬಂಪರ್ ಕೆಳಗಿನ ಗಾಳಿ ನೇರವಾಗಿ ಎಂಜಿನ್ ಕೋಣೆಗೆ ನುಗ್ಗಿ ರೇಡಿಯೇಟರ್ ಹಿಂದಿನ ಒತ್ತಡವನ್ನು ಏರಿಸುತ್ತದೆ.

ಇದರ ಜೊತೆಗೇ ರೇಡಿಯೇಟರ್ ಮುಚ್ಚಳವನ್ನು ಪರೀಕ್ಷಿಸಿ (1.1 ಬಾರ್ ಹಿಡಿಯುವ ಮುಚ್ಚಳವಿದ್ದರೆ ಶುದ್ಧ ನೀರೂ ಸುಮಾರು 120 ಡಿಗ್ರಿವರೆಗೆ ಕುದಿಯುವುದಿಲ್ಲ), ಕೂಲಂಟ್‌ನಲ್ಲಿ ಗಾಳಿಗುಳ್ಳೆ ಉಳಿಯದಂತೆ ಬ್ಲೀಡ್ ಮಾಡಿ, ಫ್ಯಾನಿನ ಸುತ್ತಲಿನ ಶ್ರೌಡ್ (ರೇಡಿಯೇಟರ್ ಗಾಳಿಯನ್ನು ಫ್ಯಾನಿಗೆ ಕೂಡಿಸುವ ಮುಚ್ಚಳ) ನೋಡಿ. ಇಡೀ ಕೋರ್ ಮುಚ್ಚುವ ಶ್ರೌಡ್ ನಿಧಾನದಲ್ಲಿ ಒಳ್ಳೆಯದು. ವೇಗದಲ್ಲಿ ಮಾತ್ರ ಫ್ಯಾನಿನ ಬಾಯಿಯ ಅಗಲವಷ್ಟೇ ಗಾಳಿಗೆ ದಾರಿಯಾಗುತ್ತದೆ. ಶ್ರೌಡ್‌ನ ಮೂಲೆಗಳಲ್ಲಿ ಕಿಟಕಿ ಕತ್ತರಿಸಿ, ಹಿಂದಕ್ಕೆ ಮಾತ್ರ ತೆರೆಯುವ ರಬ್ಬರ್ ರೆಪ್ಪೆ ಹಾಕಿದರೆ ಎರಡಕ್ಕೂ ಸರಿ.

ಇಷ್ಟರ ಮೇಲೂ 112 ಬಂದರೆ ಆಗ ವೆಂಟ್‌ನ ಮಾತು.

ಪ್ರಶ್ನೆ: ವೆಂಟ್ ಎಲ್ಲಿರಬೇಕು? ಬಾನೆಟ್ ಕತ್ತರಿಸದೆ, ಹಿಂಜ್ ಕೆಳಗೆ ವಾಷರ್ ಇಟ್ಟು ಹಿಂದಿನ ಅಂಚನ್ನು ಎರಡು ಸೆಂಟಿಮೀಟರ್ ಎತ್ತಿದರೆ ಸಾಕು ಅನ್ನುತ್ತಾರಲ್ಲ?

ಸಾಲದು. ವೇಗದಲ್ಲಿ ಅದು ಉಲ್ಟಾ ಕೆಲಸವನ್ನೇ ಮಾಡುತ್ತದೆ.

ಬಾನೆಟ್ ಮೇಲಿನ ಒತ್ತಡ ಎಲ್ಲ ಕಡೆ ಒಂದೇ ಅಲ್ಲ. ಬಂಪರ್‌ಗೆ ಬಡಿದ ಗಾಳಿ ಮೂತಿಯ ಬಾಗನ್ನು ಹತ್ತಿ ಬಾನೆಟ್ ಮೇಲೆ ತಿರುಗುವ ಜಾಗದಲ್ಲಿ ವೇಗ ಪಡೆಯುತ್ತದೆ, ಅಲ್ಲಿ ಒತ್ತಡ ಕುಸಿಯುತ್ತದೆ. ಅಂದರೆ ಬಾನೆಟ್‌ನ ಮುಂದಿನ ಅಂಚು ಕಳೆದ ಕೂಡಲೇ ಮೇಲಿನಿಂದ ಎಳೆತ ಜೋರು. ಅಲ್ಲಿಂದ ಹಿಂದೆ ಹೋದ ಹಾಗೆ ಎಳೆತ ಸಡಿಲವಾಗುತ್ತದೆ. ಮುಂಗಾಜಿನ ಬುಡಕ್ಕೆ ಬರುವಾಗ ಗಾಳಿ ಗಾಜಿಗೆ ಎದುರಾಗಿ ತಡೆದು ನಿಲ್ಲುವುದರಿಂದ ಒತ್ತಡ ಹೊರಗಿನ ವಾತಾವರಣಕ್ಕಿಂತಲೂ ಹೆಚ್ಚಾಗುತ್ತದೆ. ಕಾರುಗಳ ಎಸಿ ಮತ್ತು ಬ್ಲೋವರ್ ಹೊರಗಾಳಿಯನ್ನು ಅಲ್ಲಿಂದಲೇ ಎಳೆದುಕೊಳ್ಳುವುದು ಇದೇ ಕಾರಣಕ್ಕೆ. ಕೆಲವು ರೇಸ್ ಕಾರುಗಳ ಎಂಜಿನ್‌ಗೆ ಗಾಳಿ ಕೊಡುವ ಪೆಟ್ಟಿಗೆಯ ಬಾಯಿಯೂ ಅಲ್ಲೇ ಇರುತ್ತದೆ. ಅಂಥ ಜಾಗದಲ್ಲಿ ಬಾನೆಟ್ ಎತ್ತಿದರೆ ಹೊರಗಿನ ಗಾಳಿ ಒಳಕ್ಕೆ ನುಗ್ಗುವ ಸಂಭವವೇ ಹೆಚ್ಚು. ಕಾರು ಪಿಟ್‌ನಲ್ಲಿ ನಿಂತಾಗ ಬಿಸಿ ಮೇಲೇರಿ ಹೋಗುವುದನ್ನು ಕಣ್ಣಾರೆ ನೋಡಿ ಜನ ಮೋಸಹೋಗುತ್ತಾರೆ. ಸಾಲದೆಂಬಂತೆ ಹಿಂದಿನ ರಬ್ಬರ್ ಸೀಲ್ ಬಿಟ್ಟುಹೋಗಿ ಎಂಜಿನ್ ಹೊಗೆ ಕ್ಯಾಬಿನ್ ಸೇರುತ್ತದೆ. ಹಿಂಜ್ ಮೇಲೂ ತಪ್ಪು ಭಾರ ಬೀಳುತ್ತದೆ.

ಆದ್ದರಿಂದ ರೇಡಿಯೇಟರ್‌ಗಾಗಿ ಹಾಕುವ ವೆಂಟ್ ಬಾನೆಟ್‌ನ ಮುಂದಿನ ಅರ್ಧದಲ್ಲಿ ಇರಲಿ, ಸಾಧ್ಯವಾದರೆ ಮುಂದಿನ ಮೂರನೇ ಒಂದು ಭಾಗದಲ್ಲಿ. ಕೊನೆಯ ಕಾಲು ಭಾಗಕ್ಕೆ ಹೋಗಬೇಡಿ. ವೆಂಟ್‌ನ ಮುಂದಿನ ಅಂಚು ರೇಡಿಯೇಟರ್‌ನಿಂದ 10–15 ಸೆ.ಮೀ. ಹಿಂದೆ ಬಂದರೆ, ಫ್ಯಾನ್ ದಾಟಿದ ಗಾಳಿ ಎಂಜಿನ್‌ಗೆ ಬಡಿಯುವ ಮೊದಲೇ ಮೇಲಕ್ಕೆ ತಿರುಗಬಹುದು. ಎಂಜಿನ್ ಮುಂಭಾಗ ರೇಡಿಯೇಟರ್‌ಗೆ ತೀರ ಹತ್ತಿರವಿದ್ದರೆ ನಡುಮಧ್ಯೆ ಒಂದು ದೊಡ್ಡ ಕಿಂಡಿ ತೆಗೆಯುವ ಬದಲು, ಎಂಜಿನ್‌ನ ಎಡಬಲದ ಖಾಲಿ ಜಾಗಗಳ ಮೇಲೆ ಎರಡು ಕಿಂಡಿ ತೆಗೆಯಿರಿ. ಗಾಳಿ ಹೇಗೂ ಅತ್ತಲೇ ಹರಿಯುತ್ತಿರುತ್ತದೆ.

ಕಾರು ತಯಾರಿಸುವವರೂ ಇದನ್ನೇ ಮಾಡಿದ್ದಾರೆ. 2014ರ ಶೆವ್ರೊಲೆ ಕಾರ್ವೆಟ್ ಸ್ಟಿಂಗ್‌ರೇ ಕಾರಿನಲ್ಲಿ ರೇಡಿಯೇಟರ್ ಮುಂದಕ್ಕೆ ವಾಲಿದೆ, ಅದರ ಗಾಳಿ ಬಾನೆಟ್ ಕಿಂಡಿಯಿಂದ ಮೇಲಕ್ಕೆ ಹೋಗುತ್ತದೆ. 2022ರಲ್ಲಿ ಬಂದ ಹೋಂಡಾ ಸಿವಿಕ್ ಟೈಪ್ ಆರ್ ಬಾನೆಟ್‌ನ ಕಿಂಡಿಯೂ ರೇಡಿಯೇಟರ್ ಗಾಳಿಯನ್ನು ಹೊರಗೆ ಬಿಡಲೆಂದೇ ಇರುವುದು. ಅದರ ಹಿಂದಿನ ಪೀಳಿಗೆಯ ಬಾನೆಟ್‌ನಲ್ಲಿದ್ದದ್ದು ಗಾಳಿ ಒಳಗೆಳೆಯುವ ಬಾಯಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಆಕಾರದಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ.

ಪ್ರಶ್ನೆ: ನನ್ನ ಕಾರಿನ ಬಾನೆಟ್ ಮೇಲೆ ಒತ್ತಡ ಎಲ್ಲಿ ಕಡಿಮೆ ಎಂದು ವಿಂಡ್ ಟನೆಲ್ ಇಲ್ಲದೆ ತಿಳಿಯುವುದು ಹೇಗೆ?

ಒಳ್ಳೆಯ ಪ್ರಶ್ನೆ. ಕತ್ತರಿ ಹಿಡಿಯುವ ಮೊದಲು ಪ್ರತಿಯೊಬ್ಬರೂ ಕೇಳಬೇಕಾದದ್ದು ಇದನ್ನೇ. ಬೇಕಾಗುವುದು ಮೂರು ನಾಲ್ಕು ಮೀಟರ್ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ (ಒಳವ್ಯಾಸ 4–6 ಮಿ.ಮೀ.), ಒಂದು ಹಲಗೆ, ಸ್ಕೇಲ್, ಬಣ್ಣದ ನೀರು.

ಕೊಳವೆಯನ್ನು ಇಂಗ್ಲಿಷ್ ಯು ಅಕ್ಷರದಂತೆ ಬಗ್ಗಿಸಿ ಹಲಗೆಗೆ ಕಟ್ಟಿ, ಅರ್ಧದವರೆಗೆ ನೀರು ತುಂಬಿ, ಪಕ್ಕದಲ್ಲಿ ಸ್ಕೇಲ್ ಅಂಟಿಸಿ. ಒಂದು ತುದಿಯನ್ನು ಎಂಜಿನ್ ಕೋಣೆಯೊಳಗೆ, ರೇಡಿಯೇಟರ್‌ನ ಹಿಂದೆ ಬಿಡಿ. ಆ ತುದಿಗೆ ಸ್ಪಂಜ್ ತುಂಡು ಸುತ್ತಿ, ಇಲ್ಲದಿದ್ದರೆ ಫ್ಯಾನಿನ ಗಾಳಿ ನೇರ ಬಾಯಿಗೆ ಬಡಿದು ಸುಳ್ಳು ಅಳತೆ ಕೊಡುತ್ತದೆ. ಇನ್ನೊಂದು ತುದಿ ಬಾನೆಟ್ ಮೇಲೆ. ಅದನ್ನು ಹಾಗೇ ಟೇಪ್ ಹಾಕಿ ಅಂಟಿಸಬಾರದು. ಅಂಚು ಸವೆಸಿದ ತೆಳು ಬಿಲ್ಲೆಯೊಂದರ ನಡುವೆ 1–1.5 ಮಿ.ಮೀ. ತೂತು ಕೊರೆದು, ಕೊಳವೆಯನ್ನು ಆ ತೂತಿಗೆ ಪಕ್ಕದಿಂದ ಜೋಡಿಸಿ, ಬಿಲ್ಲೆಯನ್ನು ಬಾನೆಟ್‌ಗೆ ಸಪಾಟಾಗಿ ಅಂಟಿಸಿ. ಗಾಳಿ ಬಿಲ್ಲೆಯ ಮೇಲೆ ಜಾರಿಹೋಗಬೇಕು, ತೂತಿಗೆ ಎದುರಾಗಬಾರದು. ಕೊಳವೆ ಬಾನೆಟ್ ಮೇಲೆ ಹಿಂದಕ್ಕೆ ಹಾಯ್ದು ಕಿಟಕಿಯಿಂದ ಒಳಗೆ ಬರಲಿ.

ಹಲಗೆಯನ್ನು ನೆಟ್ಟಗೆ ಹಿಡಿದು ಪಕ್ಕದಲ್ಲಿ ಕೂತವರು ಓದಬೇಕು, ಇಲ್ಲವೇ ಕ್ಯಾಮೆರಾ ಓದಬೇಕು. ಓಡಿಸುವವರಂತೂ ಖಂಡಿತ ಅಲ್ಲ. ಮುಚ್ಚಿದ ಟ್ರ್ಯಾಕ್‌ನ ನೇರ ಭಾಗದಲ್ಲಿ 80 ಅಥವಾ 100 ಕಿ.ಮೀ. ವೇಗವನ್ನು ಅಲುಗದಂತೆ ಹಿಡಿದು, ಹೋಗುವಾಗ ಒಮ್ಮೆ ಬರುವಾಗ ಒಮ್ಮೆ ಓದಿ ಸರಾಸರಿ ತೆಗೆಯಿರಿ; ಎದುರುಗಾಳಿಯ ಲೆಕ್ಕ ಹೀಗೆ ಬಹುಮಟ್ಟಿಗೆ ಕಳೆದುಹೋಗುತ್ತದೆ. ವೇಗ ಏರುವಾಗ, ಬ್ರೇಕ್ ಹಾಕುವಾಗ ನೀರು ತನ್ನಷ್ಟಕ್ಕೇ ಓಲಾಡುತ್ತದೆ, ಆ ಅಳತೆ ಬೇಡ. ಮೂತಿಯಿಂದ ಗಾಜಿನವರೆಗೆ 10 ಸೆ.ಮೀ.ಗೊಂದು ಗುರುತು, ನಡುಗೆರೆಯಲ್ಲಿ ಒಂದು ಸಾಲು, ಪಕ್ಕದಲ್ಲಿ ಒಂದು ಸಾಲು. ಒಂದು ಬೆಳಗಿನ ಕೆಲಸ.

ಅಳತೆಯ ಅರ್ಥ ಹೀಗೆ. 80 ಕಿ.ಮೀ. ವೇಗದಲ್ಲಿ ಎದುರು ಬರುವ ಗಾಳಿಯ ಪೂರ್ಣ ಬಲ ಸುಮಾರು 302 ಪಾಸ್ಕಲ್, ಅಂದರೆ 31 ಮಿ.ಮೀ. ನೀರಿನೆತ್ತರ. 100ರಲ್ಲಿ 473 ಪಾಸ್ಕಲ್, 48 ಮಿ.ಮೀ. 160ರಲ್ಲಿ 1,210 ಪಾಸ್ಕಲ್, 123 ಮಿ.ಮೀ. ವೇಗ ಇಮ್ಮಡಿಯಾದರೆ ಬಲ ನಾಲ್ಮಡಿ. 100 ಕಿ.ಮೀ. ವೇಗದಲ್ಲಿ ಎಂಜಿನ್ ಕೋಣೆಯ ಒತ್ತಡ ಬಾನೆಟ್ ಮೇಲಿನ ಒಂದು ಬಿಂದುವಿಗಿಂತ 15 ಮಿ.ಮೀ. ಹೆಚ್ಚಿದ್ದರೆ (ಅಂದರೆ ಬಾನೆಟ್ ಕಡೆಯ ತೋಳಿನ ನೀರು ಇನ್ನೊಂದಕ್ಕಿಂತ ಅಷ್ಟು ಮೇಲಿದ್ದರೆ), ಪೂರ್ಣ ಬಲದ ಸುಮಾರು ಮೂರನೇ ಒಂದು ಭಾಗ ಅಲ್ಲಿ ಗಾಳಿಯನ್ನು ಹೊರದಬ್ಬಲು ಕಾದಿದೆ ಎಂದಾಯಿತು. ಅದು ಕಿಂಡಿಗೆ ಹೇಳಿಮಾಡಿಸಿದ ಜಾಗ. ಎರಡು ಮೂರು ಮಿ.ಮೀ. ಮಾತ್ರ ಬಂದರೆ ಅಲ್ಲಿ ಕತ್ತರಿಸಿ ಪ್ರಯೋಜನವಿಲ್ಲ. ನೀರು ಉಲ್ಟಾ ಏರಿದರೆ ಅಲ್ಲಿ ಕಿಂಡಿ ತೆಗೆಯಲೇಬೇಡಿ.

ಉಣ್ಣೆ ದಾರದ ಪರೀಕ್ಷೆ ಇನ್ನೂ ಸುಲಭ, ಆದರೆ ಅದು ಹೇಳುವುದು ಬೇರೆ ವಿಷಯ. 5 ಸೆ.ಮೀ. ದಾರದ ತುಂಡುಗಳನ್ನು 8–10 ಸೆ.ಮೀ. ಅಂತರದಲ್ಲಿ ಅಂಟಿಸಿ ಇನ್ನೊಂದು ಕಾರಿನಿಂದ ವಿಡಿಯೊ ತೆಗೆದರೆ, ಗಾಳಿ ಬಾನೆಟ್‌ಗೆ ಅಂಟಿ ಹರಿಯುತ್ತಿದೆಯೇ (ದಾರ ನೆಟ್ಟಗೆ ಮಲಗಿರುತ್ತದೆ), ಬಿಟ್ಟುಹೋಗಿದೆಯೇ (ಗಿರಗಿರ ತಿರುಗುತ್ತದೆ) ಎಂಬುದು ಕಾಣುತ್ತದೆ. ಒತ್ತಡ ಎಷ್ಟೆಂಬುದನ್ನು ದಾರ ಹೇಳಲಾರದು. ಕಿಂಡಿ ತೆಗೆದ ಮೇಲೆ ಮಾತ್ರ ಅದರ ಬಾಯಲ್ಲಿ ಕಟ್ಟಿದ ದಾರ ಒಳಕ್ಕೆ ಎಳೆದುಕೊಂಡಿತೋ ಹೊರಕ್ಕೆ ಹಾರಿತೋ ನೋಡಿದರೆ ಸಂಶಯ ಉಳಿಯುವುದಿಲ್ಲ.

ಪ್ರಶ್ನೆ: ಎಷ್ಟು ದೊಡ್ಡದು? ಯಾವ ಬಗೆಯದು? ಸಾಲು ರೆಕ್ಕೆಗಳ ಲೂವರ್, ಜಾಲರಿ ಹಾಕಿದ ತೆರೆದ ಕಿಂಡಿ, ನಾಕಾ ಡಕ್ಟ್, ಎಲ್ಲವೂ ಸಿಗುತ್ತವೆ.

ನಾಕಾ ಡಕ್ಟ್ (ಮೇಲ್ಮೈಯೊಳಗೆ ತಗ್ಗಾಗಿ ಇಳಿಯುವ ಗಾಳಿಬಾಯಿ) ಮತ್ತು ಮುಂದಕ್ಕೆ ಬಾಯಿ ತೆರೆದ ಸ್ಕೂಪ್ ಗಾಳಿ ಒಳಗೆಳೆಯಲು ಇರುವವು. ನಿಸಾನ್ ಸ್ಕೈಲೈನ್ ಜಿಟಿ-ಆರ್ ಆರ್34 ವಿ-ಸ್ಪೆಕ್ 2ರ ಕಾರ್ಬನ್ ಬಾನೆಟ್‌ನಲ್ಲಿದ್ದ ನಾಕಾ ಡಕ್ಟ್ ಒಳಗೆಳೆಯುವಂಥದೇ. ಸುಬಾರು ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ ಸ್ಕೂಪ್ ಎಂಜಿನ್ ಮೇಲಿನ ಇಂಟರ್‌ಕೂಲರ್‌ಗೆ (ಟರ್ಬೊದಿಂದ ಬಂದ ಗಾಳಿಯನ್ನು ತಣಿಸುವ ಭಾಗ) ಗಾಳಿ ಕೊಡುತ್ತದೆ. ರೇಡಿಯೇಟರ್ ತಂಪಾಗಲಿ ಎಂದು ಇವನ್ನು ಹಾಕಿಸಿದರೆ ಎಂಜಿನ್ ಕೋಣೆಯ ಒತ್ತಡ ಏರಿ ಕೂಲಂಟ್ ಇನ್ನಷ್ಟು ಬಿಸಿಯಾಗುತ್ತದೆ.

ಹೊರಬಿಡಲು ನಮ್ಮ ಮೊದಲ ಆಯ್ಕೆ ಹಿಂದಕ್ಕೆ ಬಾಗಿದ ಲೂವರ್. ಅದರ ರೆಕ್ಕೆಗಳು ಗಾಳಿಯನ್ನು ಬಾನೆಟ್ ಮೇಲಿನ ಹರಿವಿನ ದಿಕ್ಕಿಗೇ ತಿರುಗಿಸಿ ಬಿಡುತ್ತವೆ. ನೇರ ಮೇಲಕ್ಕೆ ಚಿಮ್ಮಿದ ಗಾಳಿ ಮೇಲಿನ ಹರಿವಿಗೆ ಅಡ್ಡ ಬಂದು ಎಳೆತ ಕಡಿಮೆಯಾಗುತ್ತದೆ. ಬರಿಯ ತೆರೆದ ಕಿಂಡಿಯಾದರೆ ಮುಂದಿನ ಅಂಚಿಗೆ 8–12 ಮಿ.ಮೀ. ಎತ್ತರದ ಅಡ್ಡಪಟ್ಟಿ ಇರಲಿ. ಗಾಳಿ ಅದನ್ನು ಹಾರಿ ದಾಟುವಾಗ ಅದರ ಬೆನ್ನಿಗೆ ಒತ್ತಡ ಇನ್ನಷ್ಟು ತಗ್ಗುತ್ತದೆ. ಎತ್ತರ ಹೆಚ್ಚಿದಷ್ಟು ಒಳ್ಳೆಯದೆಂದು 25 ಮಿ.ಮೀ. ಹಾಕಬೇಡಿ. ಬಾನೆಟ್ ಮೇಲಿನ ಹರಿವು ಕೆಟ್ಟು ಹಿಂದಿನ ವಿಂಗ್‌ಗೆ ಹೋಗುವ ಗಾಳಿ ಕದಡುತ್ತದೆ. ಹಿಂದಿನ ಅಂಚು ಮಾತ್ರ ಕೆಳಕ್ಕೆ ದುಂಡಗೆ ಬಾಗಿರಲಿ. ಅದು ಮೇಲೆದ್ದು ನಿಂತರೆ ಗಾಳಿಯನ್ನು ಹಿಡಿದು ಒಳಗೆ ತಳ್ಳುತ್ತದೆ. ಅಗ್ಗದ ವೆಂಟ್‌ಗಳಲ್ಲಿ ಇದು ಮಾಮೂಲಿ ದೋಷ.

ಗಾತ್ರಕ್ಕೆ ಬಂದರೆ, ಕತ್ತರಿಸಿದ ರಂಧ್ರದ ಅಳತೆ ಮುಖ್ಯವಲ್ಲ, ಗಾಳಿ ನಿಜವಾಗಿ ಹಾಯುವ ಬಾಯಿಯ ಅಳತೆ ಮುಖ್ಯ. 30 ಸೆ.ಮೀ. ಅಗಲದ ಆರು ರೆಕ್ಕೆ, ಪ್ರತಿ ರೆಕ್ಕೆಯ ನಡುವೆ 2.5 ಸೆ.ಮೀ. ಬಾಯಿ ಇದ್ದರೆ ಸಿಗುವುದು 450 ಚದರ ಸೆ.ಮೀ. ಗ್ರಿಲ್‌ನ ತೆರೆದ ಭಾಗ 60 × 15 ಸೆ.ಮೀ. ಆದರೆ 900 ಚದರ ಸೆ.ಮೀ. ಅಂದರೆ ಅಂಥ ಒಂದು ವೆಂಟ್ ಒಳಬರುವ ದಾರಿಯ ಅರ್ಧದಷ್ಟಾಯಿತು. ಉಳಿದ ಗಾಳಿಗೆ ಕೆಳಗಿನ ಹಳೆಯ ದಾರಿಯೂ ಇದೆಯಾದ್ದರಿಂದ ಆರಂಭಕ್ಕೆ ಇಷ್ಟು ಸಾಕು. ಎಲ್ಲವನ್ನೂ ಮೇಲಿನಿಂದಲೇ ಬಿಡುವ ಉದ್ದೇಶವಿದ್ದರೆ ಹೊರದಾರಿ ಒಳದಾರಿಗಿಂತ ಸ್ವಲ್ಪ ಹೆಚ್ಚೇ ಬೇಕು, ಏಕೆಂದರೆ 30 ಡಿಗ್ರಿಯಲ್ಲಿ ಒಳಬಂದ ಗಾಳಿ 80 ಡಿಗ್ರಿಗೆ ಕಾದಾಗ ಸುಮಾರು ಶೇ. 16ರಷ್ಟು ಹಿಗ್ಗುತ್ತದೆ. ಜಾಲರಿ ಹಾಕಿದರೆ ಅದರ ತಂತಿಗಳು ನುಂಗುವ ಜಾಗವನ್ನೂ ಕಳೆಯಿರಿ. ಸಣ್ಣ ಕಣ್ಣಿನ ಜಾಲರಿ ಹತ್ತಿರ ಹತ್ತಿರ ಅರ್ಧ ಬಾಯಿಯನ್ನೇ ಮುಚ್ಚಿಬಿಡುತ್ತದೆ.

ಸಾಧ್ಯವಿರುವವರು ಇನ್ನೊಂದು ಹೆಜ್ಜೆ ಹೋಗಿ: ರೇಡಿಯೇಟರ್ ಹಿಂದಿನಿಂದ ವೆಂಟ್‌ನ ಹಿಂದಿನ ಅಂಚಿನವರೆಗೆ ಓರೆಯಾಗಿ ಒಂದು ತಗಡು ಕಟ್ಟಿ. ಪೂರ್ತಿ ಕೋರ್‌ಗೆ ಬೇಕಿಲ್ಲ, ಮೇಲಿನ ಅರ್ಧದ ಗಾಳಿ ನೇರ ಹೊರಗೆ ಹೋದರೂ ವ್ಯತ್ಯಾಸ ಕಾಣುತ್ತದೆ. ಆದರೆ ಬೆಲ್ಟ್, ಪುಲ್ಲಿ, ಮೇಲಿನ ರೇಡಿಯೇಟರ್ ಹೋಸ್ ಇವಕ್ಕೆ ತಾಗದಂತೆ, ಎಂಜಿನ್ ಅಲುಗಾಟಕ್ಕೆ 25 ಮಿ.ಮೀ. ಬಿಡುವು ಇರಬೇಕು.

ಪ್ರಶ್ನೆ: ಟರ್ಬೊ ಫೈರ್‌ವಾಲ್ (ಎಂಜಿನ್ ಕೋಣೆ ಮತ್ತು ಕ್ಯಾಬಿನ್ ನಡುವಿನ ಗೋಡೆ) ಪಕ್ಕದಲ್ಲಿದೆ. ಅದರ ಮೇಲೆಯೇ ಒಂದು ವೆಂಟ್ ಹಾಕಬಹುದೇ?

ನಿಧಾನ ಓಟದಲ್ಲಿ, ಪಿಟ್‌ಗೆ ಬಂದು ನಿಂತಾಗ ಅದರಿಂದ ಉಪಯೋಗವಿದೆ. ವೇಗದಲ್ಲಿ ಅದೇ ಕಿಂಡಿ ಗಾಳಿ ಒಳಗೆ ಬಿಡಬಹುದು, ಜಾಗ ಗಾಜಿಗೆ ಹತ್ತಿರ. ಮೊದಲು ಟರ್ಬೊಗೆ ಶಾಖದ ಹೊದಿಕೆ, ಪಕ್ಕದ ವೈರ್ ಮತ್ತು ಬ್ರೇಕ್ ಪೈಪ್‌ಗಳಿಗೆ ಪ್ರತಿಫಲಿಸುವ ತೋಳು, ನಡುವೆ ಗಾಳಿಸಂದು ಬಿಟ್ಟ ತಗಡಿನ ಮರೆ ಹಾಕಿ. ಆಮೇಲೂ ಬೇಕೆನಿಸಿದರೆ ನೀರಿನ ಕೊಳವೆಯಿಂದ ಅಳೆದು, ಹೊರಕ್ಕೆ ಎಳೆತ ಇರುವ ಜಾಗದಲ್ಲಷ್ಟೇ, ಸಣ್ಣದಾಗಿ ತೆಗೆಯಿರಿ.

ಪ್ರಶ್ನೆ: ವೆಂಟ್‌ನಿಂದ ಮುಂದಿನ ಚಕ್ರಗಳ ಹಿಡಿತ ಹೆಚ್ಚುತ್ತದೆಯೇ?

ಹೌದು. ಬಾನೆಟ್ ಕೆಳಗಿನ ಒತ್ತಡ ಅದನ್ನು ಮೇಲಕ್ಕೆ ಎತ್ತುತ್ತಿರುತ್ತದೆ, ಕೆಳಗೆ ಸುರಿಯುವ ಗಾಳಿ ಕಾರಿನ ತಳದ ಹರಿವನ್ನು ಕೆಡಿಸುತ್ತಿರುತ್ತದೆ. ವೆಂಟ್ ಎರಡನ್ನೂ ತಗ್ಗಿಸುತ್ತದೆ. ನೇರದಲ್ಲಿ ಬಾನೆಟ್ ಪಟಪಟ ಅದುರುವುದೂ ನಿಲ್ಲುತ್ತದೆ. ಆದರೆ ಹಿಂಭಾಗದಲ್ಲಿ ಏನನ್ನೂ ಬದಲಿಸದೆ ಮುಂದಿನ ಹಿಡಿತವೊಂದೇ ಹೆಚ್ಚಿದರೆ ವೇಗದ ತಿರುವುಗಳಲ್ಲಿ ಹಿಂಭಾಗ ಸಡಿಲವೆನಿಸುತ್ತದೆ. ಮೊದಲ ಸೆಷನ್‌ನಲ್ಲಿ ವೇಗದ ತಿರುವುಗಳನ್ನು ಹದವಾಗಿ ತೆಗೆದುಕೊಳ್ಳಿ, ವಿಂಗ್ ಇದ್ದರೆ ಒಂದು ಮೆಟ್ಟಿಲು ಏರಿಸಿ ನೋಡಿ.

ಪ್ರಶ್ನೆ: ಮನೆಯಲ್ಲೇ ಕತ್ತರಿಸುವ ಕ್ರಮ ತಿಳಿಸಿ. ಬಾನೆಟ್ ಉಕ್ಕಿನದು.

ಬಾನೆಟ್ ಬಿಚ್ಚಿ ಕಂಬಳಿ ಹಾಸಿದ ಎರಡು ಸ್ಟ್ಯಾಂಡ್ ಮೇಲೆ ಬೋರಲು ಹಾಕಿ. ಬಿಚ್ಚುವ ಮುನ್ನ ಹಿಂಜ್ ಸುತ್ತ ಗುರುತು ಹಾಕಿಕೊಂಡರೆ ಮರಳಿ ಕೂರಿಸುವಾಗ ಸಂದು ಹೊಂದಿಸುವ ಪರದಾಟ ತಪ್ಪುತ್ತದೆ. ಕಾರಿನ ಮೇಲಿಟ್ಟೇ ಕತ್ತರಿಸುವುದು ಬೇಡ. ಲೋಹದ ಪುಡಿ ಆಲ್ಟರ್ನೇಟರ್ ಒಳಗೆ, ಬೆಲ್ಟ್ ಮೇಲೆ ಬೀಳುತ್ತದೆ, ಬಂಪರ್ ಬಣ್ಣದ ಮೇಲೆ ಬಿದ್ದ ಪುಡಿ ಒಂದೇ ರಾತ್ರಿಯಲ್ಲಿ ತುಕ್ಕಿನ ಚುಕ್ಕಿ ಮಾಡುತ್ತದೆ.

ಒಳಗಿನ ಚೌಕಟ್ಟನ್ನು ಚೆನ್ನಾಗಿ ನೋಡಿ. ಲಾಕ್ ಕೊಕ್ಕೆ ಕೂರುವ ಜಾಗ, ಹಿಂಜ್‌ನಿಂದ ಲಾಕ್‌ಗೆ ಬರುವ ಮುಖ್ಯ ಏಣುಗಳು, ಅಪಘಾತದಲ್ಲಿ ಬಾನೆಟ್ ಮಡಚಿಕೊಳ್ಳಲೆಂದು ಬಿಟ್ಟಿರುವ ಅಡ್ಡ ತಗ್ಗುಗಳು, ಈ ಮೂರನ್ನೂ ಮುಟ್ಟಬೇಡಿ. ಪಾದಚಾರಿಗೆ ಬಡಿದಾಗ ತಾನಾಗಿ ಮೇಲೇಳುವ ಬಾನೆಟ್ ಇರುವ ಕಾರುಗಳಲ್ಲಿ ಹಿಂಜ್ ಬಳಿ ಸಿಡಿಮದ್ದಿನ ಭಾಗ ಇರುತ್ತದೆ, ಅದನ್ನು ಸೇವಾ ಕೈಪಿಡಿಯ ಕ್ರಮದಲ್ಲೇ ಬಿಚ್ಚಿಸಬೇಕು. ಚೌಕಟ್ಟಿನ ಏಣುಗಳ ನಡುವಿನ ತೆಳು ಜಾಗವೇ ಕಿಂಡಿಯ ಅಳತೆಯನ್ನು ನಿರ್ಧರಿಸಲಿ. ವೆಂಟ್ ಕೊಳ್ಳುವುದು ಇದಾದ ಮೇಲೆ. ಮೊದಲೇ ಕೊಂಡು ಅದಕ್ಕಾಗಿ ಏಣು ಕಡಿದವರ ಬಾನೆಟ್‌ಗಳು ವೇಗದಲ್ಲಿ ನಡುಮುರಿದಂತೆ ಬಗ್ಗುತ್ತವೆ.

ಮೇಲ್ಭಾಗಕ್ಕೆ ಎರಡು ಪದರ ಮಾಸ್ಕಿಂಗ್ ಟೇಪ್ ಹಚ್ಚಿ, ನಡುಗೆರೆ ಎಳೆದು, ರಟ್ಟಿನ ಮಾದರಿ ಇಟ್ಟು ಗೆರೆ ಹಾಕಿ. ಕಾರಿಗೆ ಮತ್ತೊಮ್ಮೆ ಕೂರಿಸಿ ದೂರದಿಂದ ನೋಡಿ, ಕೆಳಗೆ ಏನಿದೆಯೆಂದೂ ನೋಡಿ. ಮೂಲೆಗಳಲ್ಲಿ ಮೊದಲು 3 ಮಿ.ಮೀ. ತೂತು, ಆಮೇಲೆ ಅದನ್ನು 20 ಮಿ.ಮೀ.ಗೆ ಅಗಲಿಸಿ. ಮೂಲೆ ದುಂಡಗಿರಲೇಬೇಕು, ಚೂಪು ಮೂಲೆಯಿಂದ ಅದುರಾಟಕ್ಕೆ ಬಿರುಕು ಹೊರಡುತ್ತದೆ. ಉಕ್ಕಿನ ತಗಡಿಗೆ ಇಂಚಿಗೆ 24 ಹಲ್ಲಿನ ಬೈಮೆಟಲ್ ಬ್ಲೇಡ್ ಹಾಕಿದ ಜಿಗ್‌ಸಾ, ನಿಧಾನ ವೇಗ. ಜಿಗ್‌ಸಾದ ಅಡಿಪಟ್ಟಿಗೂ ಟೇಪ್ ಸುತ್ತಿ. ಗೆರೆಗಿಂತ 2 ಮಿ.ಮೀ. ಒಳಗೆ ಕತ್ತರಿಸಿ ಉಳಿದದ್ದನ್ನು ಅರದಿಂದ ತೆಗೆಯಿರಿ. ಆಂಗಲ್ ಗ್ರೈಂಡರ್ ಬೇಗ ಕತ್ತರಿಸುತ್ತದೆ ನಿಜ, ಆದರೆ ಅದರ ಶಾಖಕ್ಕೆ ಬಣ್ಣ ಸುಟ್ಟು ತೆಳು ತಗಡು ಸೊಟ್ಟಗಾಗುತ್ತದೆ. ಕನ್ನಡಕ, ಕೈಗವಸು ಮರೆಯಬೇಡಿ.

ಕತ್ತರಿಸಿದ ಅಂಚಿಗೆ ಅಂದೇ ಜಿಂಕ್ ಪ್ರೈಮರ್, ಬಣ್ಣ. ಒಳ ಹೊರ ತಗಡುಗಳು ಬೇರ್ಪಟ್ಟಿದ್ದರೆ ಪಾಲಿಯುರೆಥೇನ್ ಅಂಟು ಹಾಕಿ ಕೂಡಿಸಿ. ವೆಂಟ್ ಕೂರಿಸಲು ಎಂ5 ಬೋಲ್ಟ್ ಮತ್ತು ರಿವ್‌ನಟ್ (ತಗಡಿಗೆ ರಿವೆಟ್‌ನಂತೆ ಕೂರುವ ನಟ್), 60 ಮಿ.ಮೀ.ಗೊಂದು, ಬಿಚ್ಚುವ ಉದ್ದೇಶವಿಲ್ಲದಿದ್ದರೆ 4 ಮಿ.ಮೀ. ರಿವೆಟ್. ವೆಂಟ್ ಕಾರ್ಬನ್ ಫೈಬರ್‌ನದಾಗಿ ಬಾನೆಟ್ ಅಲ್ಯೂಮಿನಿಯಂ ಆಗಿದ್ದರೆ ಎರಡೂ ನೇರ ತಾಗಬಾರದು. ತೇವ ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತಿನ್ನಿಹೋಗುತ್ತದೆ. ನಡುವೆ ಸೀಲಂಟ್ ಪದರ ಇರಲಿ.

ಕೊನೆಗೆ ಬಾನೆಟ್ ಪಿನ್. ಮೂಲ ಲಾಕ್ ಉಳಿಸಿಕೊಂಡೇ ಮುಂದಿನ ಎರಡು ಮೂಲೆಗೆ ಎರಡು ಪಿನ್ ಹಾಕಿ. ಬಾನೆಟ್ ಬಲ ಕಳೆದುಕೊಂಡಿದೆ, 200 ಕಿ.ಮೀ. ವೇಗದಲ್ಲಿ ಅದು ಗಾಜಿಗೆ ಬಡಿಯುವ ಅಪಾಯಕ್ಕೆ ಇದಕ್ಕಿಂತ ಸರಳ ತಡೆ ಇಲ್ಲ. ನೀವು ಸ್ಪರ್ಧಿಸುವ ವರ್ಗದ ನಿಯಮ ಪುಸ್ತಕವನ್ನು ಕತ್ತರಿಸುವ ಮುನ್ನವೇ ಓದಿ. ಕೆಲವು ವರ್ಗಗಳಲ್ಲಿ ಬಾನೆಟ್ ಬದಲಾಯಿಸಿದರೆ ಮೇಲಿನ ವರ್ಗಕ್ಕೆ ತಳ್ಳುತ್ತಾರೆ.

ಪ್ರಶ್ನೆ: ಮಳೆ ಬಂದರೆ?

ಓಡುವಾಗ ಗಾಳಿ ಹೊರಬರುತ್ತಿರುವುದರಿಂದ ನೀರು ಹೆಚ್ಚು ಒಳಹೋಗದು. ತೊಂದರೆ ನಿಂತಾಗ, ತೊಳೆಯುವಾಗ. ಕಿಂಡಿಯ ನೇರ ಕೆಳಗೆ ಆಲ್ಟರ್ನೇಟರ್, ಫ್ಯೂಸ್ ಪೆಟ್ಟಿಗೆ, ಇಗ್ನಿಷನ್ ಕಾಯಿಲ್, ತೆರೆದ ಏರ್ ಫಿಲ್ಟರ್ ಅಥವಾ ಬ್ರೇಕ್ ಆಯಿಲ್ ಡಬ್ಬಿ ಬಾರದಂತೆ ಜಾಗ ಹೊಂದಿಸಿ. ತಪ್ಪದಿದ್ದರೆ ಅದಕ್ಕೊಂದು ತಗಡಿನ ಕೊಡೆ ಕಟ್ಟಿ. ರಸ್ತೆಯಲ್ಲೂ ಓಡಿಸುವವರಿಗೆ ಬಿಚ್ಚಿ ಹಾಕುವ ತಟ್ಟೆ ಒಳ್ಳೆಯದು. 2020ರ ಫೋರ್ಡ್ ಮಸ್ಟಾಂಗ್ ಶೆಲ್ಬಿ ಜಿಟಿ500 ಕಾರಿನ ದೊಡ್ಡ ಬಾನೆಟ್ ವೆಂಟ್ ಕೆಳಗೆ ಇಂಥದೇ ಅಲ್ಯೂಮಿನಿಯಂ ಮಳೆತಟ್ಟೆ ಇದೆ. ಟ್ರ್ಯಾಕ್‌ಗೆ ಹೋದಾಗ ತೆಗೆದಿಡಬಹುದು. ತಟ್ಟೆಯಿಂದ ನೀರು ಪಕ್ಕಕ್ಕೆ ಹರಿಯುವ ಕೊಳವೆ ಇರಲಿ.

ಪ್ರಶ್ನೆ: ವೆಂಟ್ ಹಾಕಿದ ಮೇಲೆ ಕ್ಯಾಬಿನ್‌ನಲ್ಲಿ ಬಿಸಿ ಮತ್ತು ಎಣ್ಣೆ ವಾಸನೆ.

ಹೊರಬಿದ್ದ ಬಿಸಿಗಾಳಿ ಬಾನೆಟ್ ಮೇಲೆ ಹರಿದು ಗಾಜಿನ ಬುಡದ ಬ್ಲೋವರ್ ಬಾಯಿ ಸೇರುತ್ತಿದೆ. ಟ್ರ್ಯಾಕ್‌ನಲ್ಲಿ ಒಳಗಾಳಿ ಸುತ್ತುವ ಗುಂಡಿ ಒತ್ತಿ. ವಾಸನೆಯನ್ನು ಮಾತ್ರ ಕಡೆಗಣಿಸಬೇಡಿ. ಎಣ್ಣೆ ಎಲ್ಲೋ ಜಿನುಗಿ ಎಕ್ಸಾಸ್ಟ್ ಮೇಲೆ ಬೀಳುತ್ತಿರಬಹುದು, ವೆಂಟ್ ಅದನ್ನು ನಿಮಗೆ ತಿಳಿಸುತ್ತಿದೆ ಅಷ್ಟೆ. ಇನ್ನೊಂದು ಮಾತು: ಕೂಲಂಟ್ ಹೋಸ್ ಒಡೆದರೆ ಈಗ ಅದು ನೇರ ಗಾಜಿಗೆ ಎರಚುತ್ತದೆ, ಏನೂ ಕಾಣದು. ಹಳೆಯ ಹೋಸ್, ಕ್ಲಾಂಪ್‌ಗಳನ್ನು ವೆಂಟ್ ಹಾಕುವ ದಿನವೇ ಬದಲಿಸಿ.

ಪ್ರಶ್ನೆ: 3ಡಿ ಪ್ರಿಂಟ್ ಮಾಡಿದ ವೆಂಟ್ ತಾಳುತ್ತದೆಯೇ?

ಪ್ರಿಂಟ್‌ಗೆ ಬಳಸುವ ಪ್ಲಾಸ್ಟಿಕ್‌ಗಳಲ್ಲಿ ಪಿಎಲ್‌ಎ ಬೇಡವೇ ಬೇಡ, ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಂತ ಕಪ್ಪು ಬಾನೆಟ್ ಒಂದೇ ಸಾಕು. ಪಿಇಟಿಜಿ 80ರ ಸುಮಾರಿಗೆ. ಎಬಿಎಸ್, ಎಎಸ್‌ಎ 100ರವರೆಗೆ ತಾಳುತ್ತವೆ, ಬಿಸಿಲಿಗೆ ಎಎಸ್‌ಎ ಮೇಲು. ಪಾಲಿಕಾರ್ಬೊನೇಟ್ 140 ದಾಟುತ್ತದೆ. ರೇಡಿಯೇಟರ್ ಮೇಲಿನ ವೆಂಟ್‌ಗೆ ಎಎಸ್‌ಎ ನಡೆದೀತು, ಟರ್ಬೊ ಹತ್ತಿರ ಅಲ್ಯೂಮಿನಿಯಂ ಒಂದೇ. ಕಾರ್ಬನ್ ಫೈಬರ್ ಎಂದ ಮಾತ್ರಕ್ಕೆ ಶಾಖ ತಾಳುತ್ತದೆಂದಲ್ಲ. ಕೋಣೆಯ ತಾಪದಲ್ಲಿ ಗಟ್ಟಿಯಾಗಿಸಿ ಮುಂದೆ ಕಾಯಿಸದೆ ಬಿಟ್ಟ ಎಪಾಕ್ಸಿಯೂ 60–80 ಡಿಗ್ರಿಯಲ್ಲೇ ಸಡಿಲವಾಗುತ್ತದೆ. ಕೊಳ್ಳುವಾಗ ಅದನ್ನೇ ಕೇಳಿ.

ಪ್ರಶ್ನೆ: ಎಂಜಿನ್ ಹಿಂದೆ, ರೇಡಿಯೇಟರ್ ಮುಂದೆ ಇರುವ ಕಾರಿಗೆ?

ಮುಂದೆ ಎಂಜಿನ್ ಅಡ್ಡ ಬಾರದಿರುವುದರಿಂದ ರೇಡಿಯೇಟರ್‌ನಿಂದ ಬಾನೆಟ್ ಕಿಂಡಿಗೆ ಪೂರ್ತಿ ಮುಚ್ಚಿದ ಡಕ್ಟ್ ಕಟ್ಟಬಹುದು. ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ. ಎಚ್ಚರಿಕೆ ಒಂದೇ: ಆ ಬಿಸಿಗಾಳಿ ಮೇಲಿಂದ ಹರಿದು ಹಿಂದಿನ ಎಂಜಿನ್‌ನ ಉಸಿರಿಗೆ ಸೇರಬಾರದು. 2022ರ ಪೋರ್ಷೆ 911 ಜಿಟಿ3 ಆರ್‌ಎಸ್‌ನಲ್ಲಿ ಸಾಮಾನಿನ ಜಾಗವನ್ನೇ ಬಿಟ್ಟುಕೊಟ್ಟು ಒಂದು ದೊಡ್ಡ ರೇಡಿಯೇಟರನ್ನು ನಡುವೆ ಓರೆಯಾಗಿ ಇಟ್ಟಿದ್ದಾರೆ. ಗಾಳಿ ಬಾನೆಟ್‌ನ ಎರಡು ಮೂಗಿನ ಹೊಳ್ಳೆಗಳಿಂದ ಹೊರಬರುತ್ತದೆ. ಚಾವಣಿಯ ಮೇಲಿನ ಸಣ್ಣ ರೆಕ್ಕೆಗಳು ಅದನ್ನು ಪಕ್ಕಕ್ಕೆ ಸರಿಸಿ ಹಿಂದಿನ ಎಂಜಿನ್‌ಗೆ ತಂಪು ಗಾಳಿ ಉಳಿಸುತ್ತವೆ.

ಪ್ರಶ್ನೆ: ವೆಂಟ್ ಹಾಕುವ ಮೊದಲು 110 ಡಿಗ್ರಿ, ಹಾಕಿದ ಮೇಲೆ 109. ಶ್ರಮವೆಲ್ಲ ವ್ಯರ್ಥವಾಯಿತೇ?

ಎರಡೂ ದಿನ ಹೊರಗಿನ ತಾಪ ಎಷ್ಟಿತ್ತು? ಅದಿಲ್ಲದೆ ಈ ಎರಡು ಅಂಕಿಗಳಿಗೆ ಅರ್ಥವಿಲ್ಲ. ರೇಡಿಯೇಟರ್ ಹೊರಹಾಕುವ ಶಾಖ ಕೂಲಂಟ್ ಮತ್ತು ಹೊರಗಾಳಿಯ ತಾಪದ ಅಂತರವನ್ನು ಅವಲಂಬಿಸಿದೆ. ಮೊದಲ ದಿನ 24 ಡಿಗ್ರಿ ಇದ್ದರೆ ಅಂತರ 86. ಎರಡನೇ ದಿನ 31 ಇದ್ದರೆ ಅಂತರ 78. ಹಾಗಿದ್ದರೆ ವೆಂಟ್ ಎಂಟು ಡಿಗ್ರಿ ಗಳಿಸಿದೆ. ಹಳೆಯ ಬಾನೆಟ್‌ನಲ್ಲಿ ಆ ದಿನ ಓಡಿದ್ದರೆ 117 ಮುಟ್ಟುತ್ತಿತ್ತು.

ಸಂಶಯ ಬೇಡವೆಂದರೆ ಒಂದೇ ದಿನ ಮೂರು ಸೆಷನ್ ಓಡಿ: ವೆಂಟ್ ತೆರೆದು, ಮೇಲಿನಿಂದ ತೆಳು ತಗಡು ಮತ್ತು ಬಟ್ಟೆಯ ಟೇಪ್ ಹಚ್ಚಿ ಮುಚ್ಚಿ, ಮತ್ತೆ ತೆರೆದು. ಪ್ರತಿ ಸಲ ಐದು ಲ್ಯಾಪ್, ಒಬ್ಬರೇ ಚಾಲಕರು, ಎಸಿ ಆಫ್. ಕೊನೆಯ ಲ್ಯಾಪ್‌ನ ಒಂದೇ ಜಾಗದ ಅಂಕಿ ಹೋಲಿಸಿ. ಡ್ಯಾಶ್‌ಬೋರ್ಡ್ ಮುಳ್ಳನ್ನು ನಂಬಬೇಡಿ, ಬಹಳಷ್ಟು ಕಾರುಗಳಲ್ಲಿ ಅದು ವಿಶಾಲ ವ್ಯಾಪ್ತಿಯಲ್ಲಿ ನಡುವೆಯೇ ನಿಂತಿರುತ್ತದೆ. ಒಬಿಡಿ ಪೋರ್ಟ್‌ನಿಂದ (ಕಾರಿನ ಕಂಪ್ಯೂಟರ್‌ನ ಅಂಕಿ ಓದುವ ಸಾಕೆಟ್) ಕೂಲಂಟ್ ಮತ್ತು ಎಂಜಿನ್ ಸೇದುವ ಗಾಳಿಯ ತಾಪ ದಾಖಲಿಸಿ, ಆಯಿಲ್ ತಾಪಕ್ಕೆ ಪ್ರತ್ಯೇಕ ಸೆನ್ಸರ್ ಹಾಕಿ. ಕೂಲಂಟ್ 90ರ ಆಸುಪಾಸಿನಲ್ಲೇ ಇದ್ದರೆ ಅದನ್ನು ಥರ್ಮೋಸ್ಟಾಟ್ ಹಿಡಿದಿಟ್ಟಿದೆ, ವೆಂಟ್‌ನ ಗುಣ ಆ ಅಂಕಿಯಲ್ಲಿ ಕಾಣದು. ಆಗ ಆಯಿಲ್ ತಾಪವನ್ನೂ ಎಂಜಿನ್ ಸೇದುವ ಗಾಳಿಯ ತಾಪವನ್ನೂ ನೋಡಿ.

ಮುಚ್ಚಿದಾಗಲೂ ತೆರೆದಾಗಲೂ ಅಂಕಿ ಒಂದೇ ಬಂದರೆ ವೆಂಟ್ ಬಾಯಿಗೆ ದಾರ ಕಟ್ಟಿ ನೋಡಿ. ದಾರ ಹೊರಕ್ಕೆ ಹಾರುತ್ತಿದ್ದರೆ ರೇಡಿಯೇಟರ್ ಸುತ್ತಲ ಫೋಮ್ ಎಲ್ಲೋ ಕಳಚಿದೆ. ಟಾರ್ಚ್ ತೆಗೆದುಕೊಂಡು ಮೊದಲಿನಿಂದ ಹುಡುಕಿ. ಒಳಕ್ಕೆ ಎಳೆದುಕೊಂಡರೆ ಮುಂದಿನ ಅಂಚಿಗೆ 10 ಮಿ.ಮೀ. ಪಟ್ಟಿ ಟೇಪ್‌ನಿಂದ ಅಂಟಿಸಿ ಇನ್ನೊಮ್ಮೆ ಓಡಿಸಿ, ದಾರ ತಿರುಗಿಕೊಂಡರೆ ಆ ಪಟ್ಟಿಯನ್ನು ಬೋಲ್ಟ್ ಹಾಕಿ ಕಾಯಂ ಮಾಡಿ.